ಇಂಗ್ಲಿಷ್ ಪ್ರಿಪೊಸಿಷನ್: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ, ಎಫ್‌ಡಿಎ ಎಸ್‌ಡಿಎ ಪರೀಕ್ಷೆಗೆ ಓದುವವರ ಪತ್ರಗಳಲ್ಲಿ, ಬಸ್ ಕಾಯುವಾಗ ಸಿಗುವ ಹಳೆಯ ವಿದ್ಯಾರ್ಥಿಗಳ ಬಾಯಲ್ಲಿ ತಿರುತಿರುಗಿ ಬರುವ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆಯವರು ಕೇಳಿದ್ದು. ಅವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಎಲ್ಲವನ್ನೂ ಒಂದೇ ಸಲ ಓದಬೇಕಾಗಿಲ್ಲ. ನಿಮಗೆ ಬೇಕಾದ ಪ್ರಶ್ನೆ ಹುಡುಕಿ ಅದೊಂದನ್ನೇ ಓದಿದರೂ ನಡೆಯುತ್ತದೆ.

## ಶುರುವಿನ ಪ್ರಶ್ನೆಗಳು

ಪ್ರಿಪೊಸಿಷನ್ ಅಂದ್ರ ಏನ್ರಿ? ಕನ್ನಡದಾಗ ಅದು ಇಲ್ಲೇನು?

ಕೆಲಸ ಇದೆ, ರೂಪ ಬೇರೆ. ಕನ್ನಡದಲ್ಲಿ ನಾವು ಪದದ ತುದಿಗೆ ಪ್ರತ್ಯಯ ಸೇರಿಸುತ್ತೇವೆ: ಮನೆಯಲ್ಲಿ, ಮನೆಗೆ, ಮನೆಯಿಂದ. ಇಂಗ್ಲಿಷಿನಲ್ಲಿ ಅದೇ ಕೆಲಸಕ್ಕೆ ಒಂದು ಪುಟ್ಟ ಪದ ಬೇಕು. ಅದು ನಾಮಪದಕ್ಕಿಂತ ಮೊದಲು ಬರುತ್ತದೆ: 'ಇನ್ ದ ಹೌಸ್', 'ಟು ದ ಹೌಸ್', 'ಫ್ರಮ್ ದ ಹೌಸ್'.

ಮೊದಲು ಬರುತ್ತೋ ಆಮೇಲೆ ಬರುತ್ತೋ ಅನ್ನೋದು ದೊಡ್ಡ ತೊಂದರೆ ಅಲ್ಲ. ಅದು ಬೇಗ ರೂಢಿಯಾಗುತ್ತದೆ. ನಿಜವಾದ ತೊಂದರೆ ಅಂದರೆ ಎರಡು ಭಾಷೆಗಳ ಲೆಕ್ಕ ಕೂಡುವುದಿಲ್ಲ. ನಮ್ಮ ಒಂದು 'ಅಲ್ಲಿ'ಗೆ ಅವರಲ್ಲಿ 'ಇನ್', 'ಆನ್', 'ಅಟ್' ಅಂತ ಮೂರು. ನಮ್ಮ 'ಇಂದ'ಕ್ಕೆ ಐದಾರು. ನಮ್ಮ 'ಗೆ' ಒಂದು ಕಡೆ 'ಟು' ಆಗುತ್ತದೆ, ಇನ್ನೊಂದು ಕಡೆ 'ಫಾರ್' ಆಗುತ್ತದೆ, ಎಷ್ಟೋ ಕಡೆ ಏನೂ ಆಗದೆ ಮಾಯವಾಗುತ್ತದೆ. ಹಾಗಾಗಿ ಪ್ರತ್ಯಯ ಹಿಡಿದುಕೊಂಡು ಅನುವಾದ ಮಾಡಬೇಡಿ. ಯಾವ ಕ್ರಿಯಾಪದದ ಜೊತೆ ಯಾವ ಪ್ರಿಪೊಸಿಷನ್ ಬರುತ್ತದೆ ಅಂತ ಜೋಡಿಯಾಗಿಯೇ ಕಲಿಯಿರಿ. 'ವೇಟ್' ಅಂತ ಬರೆದುಕೊಳ್ಳಬೇಡಿ, 'ವೇಟ್ ಫಾರ್' ಅಂತ ಬರೆದುಕೊಳ್ಳಿ.

ಇನ್, ಆನ್, ಅಟ್ ಮೂರಕ್ಕೂ 'ಅಲ್ಲಿ' ಅಂತಾನೇ ಅರ್ಥ. ಯಾವಾಗ ಯಾವ್ದು ಹಾಕ್ಬೇಕ್ರಿ?

ಮಾತಾಡುವವರು ಆ ಜಾಗವನ್ನು ಹೇಗೆ ನೋಡುತ್ತಿದ್ದಾರೆ ಅನ್ನೋದರ ಮೇಲೆ ಹೋಗುತ್ತದೆ. ಸುತ್ತ ಗಡಿ ಇದ್ದು ಒಳಗೆ ಇರಬಹುದಾದ ಜಾಗ ಆದರೆ 'ಇನ್': 'ಇನ್ ಸಿಂಧನೂರು', 'ಇನ್ ದ ರೂಮ್'. ಮೇಲ್ಮೈ ಅಥವಾ ಉದ್ದನೆಯ ಗೆರೆ ಆದರೆ 'ಆನ್': 'ಆನ್ ದ ವಾಲ್', 'ಆನ್ ಸ್ಟೇಷನ್ ರೋಡ್'. ನಕ್ಷೆಯ ಮೇಲಿನ ಒಂದು ಚುಕ್ಕೆ ಅಂತ ನೋಡಿದರೆ 'ಅಟ್': 'ಅಟ್ ದ ಬಸ್ ಸ್ಟಾಪ್', 'ಅಟ್ ದ ಗೇಟ್'.

ಒಂದೇ ಜಾಗಕ್ಕೆ ಎರಡೂ ಬರಬಹುದು. ರಾಯಚೂರು ರೈಲು ನಿಲ್ದಾಣದಿಂದ ಫೋನ್ ಮಾಡಿ 'ಐ ಆಮ್ ಅಟ್ ದ ಸ್ಟೇಷನ್' ಅನ್ನುತ್ತೀರಿ. ನೀವು ಒಳಗಿದ್ದೀರೋ ಹೊರಗೆ ಆಟೋ ಹತ್ತಿರ ನಿಂತಿದ್ದೀರೋ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಬಿಸಿಲಿಗೆ ಹೆದರಿ ಕಟ್ಟಡದ ಒಳಗೇ ಕೂತಿದ್ದೀನಿ ಅಂತ ಹೇಳಬೇಕಾದರೆ 'ಇನ್ ದ ಸ್ಟೇಷನ್'. ಪ್ಲಾಟ್‌ಫಾರ್ಮ್ ಮಾತ್ರ ಯಾವಾಗಲೂ 'ಆನ್'.

ನದಿ ವಿಷಯದಲ್ಲಿ ಹುಷಾರು. 'ಕಂಪ್ಲಿ ಈಸ್ ಆನ್ ದ ತುಂಗಭದ್ರಾ' ಅಂದರೆ ಊರು ನದಿ ದಂಡೆಯಲ್ಲಿದೆ ಅಂತ. 'ಇನ್ ದ ತುಂಗಭದ್ರಾ' ಅಂದರೆ ಊರು ಮುಳುಗಿತು ಅಂತ ಲೆಕ್ಕ.

ಬಸ್ಸಿಗೆ 'ಆನ್', ಕಾರಿಗೆ 'ಇನ್' ಯಾಕ್ರಿ? ಎರಡರಾಗೂ ಕುಂತೇ ಹೋಗ್ತೀವಲ್ಲ?

ಹತ್ತಿ ಒಳಗೆ ಓಡಾಡಬಹುದಾದ ದೊಡ್ಡ ವಾಹನಕ್ಕೆ 'ಆನ್': ಬಸ್, ರೈಲು, ವಿಮಾನ. ಬಗ್ಗಿ ಒಳಗೆ ಸೇರಿಕೊಳ್ಳುವಂಥದ್ದಕ್ಕೆ 'ಇನ್': ಕಾರು, ಆಟೋ. ಟಂಟಂ ಎಷ್ಟೇ ತುಂಬಿ ಅರ್ಧ ಮೈ ಹೊರಗಿದ್ದರೂ ವ್ಯಾಕರಣದ ಪ್ರಕಾರ ನೀವು 'ಇನ್'! ಬೈಕ್, ಸೈಕಲ್ ಮೇಲೆ ಕೂರುತ್ತೇವೆ, ಹಾಗಾಗಿ 'ಆನ್'.

ಹೇಗೆ ಬಂದಿರಿ ಅಂತ ಕೇಳಿದರೆ 'ಬೈ ಬಸ್', 'ಬೈ ಟ್ರೈನ್'. ಆದರೆ ಈ 'ಬೈ' ಆದಮೇಲೆ 'ಮೈ', 'ಹಿಸ್' ಬರಬಾರದು. 'ಬೈ ಮೈ ಬೈಕ್' ತಪ್ಪು, 'ಆನ್ ಮೈ ಬೈಕ್' ಸರಿ. ನಡೆದುಕೊಂಡು ಬಂದರೆ 'ಆನ್ ಫುಟ್'.

ತಾರೀಖಿಗೆ ಒಂದು, ತಿಂಗಳಿಗೆ ಒಂದು, ಟೈಮಿಗೆ ಒಂದು. ನೆನಪಿಡೋದು ಹೆಂಗ?

ಗಡಿಯಾರದ ಹೊತ್ತಿಗೆ 'ಅಟ್'. ದಿನಕ್ಕೆ, ತಾರೀಖಿಗೆ 'ಆನ್'. ತಿಂಗಳು, ವರ್ಷ, ಋತುವಿಗೆ 'ಇನ್'. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 'ಆನ್ 1 ಅಕ್ಟೋಬರ್ 1953'. ಕೊಪ್ಪಳ ಜಿಲ್ಲೆಯಾದದ್ದು 'ಇನ್ 1997'.

ಬೆಳಗ್ಗೆ, ಸಂಜೆಗೆ 'ಇನ್ ದ ಮಾರ್ನಿಂಗ್', 'ಇನ್ ದ ಈವ್ನಿಂಗ್'. ರಾತ್ರಿಗೆ ಮಾತ್ರ 'ಅಟ್ ನೈಟ್'. ಇಂಥ ದಿನದ ಬೆಳಗ್ಗೆ, ಇಂಥ ದಿನದ ರಾತ್ರಿ ಅಂತ ಗುರುತಿಸಿದರೆ ಅದೂ 'ಆನ್' ಆಗುತ್ತದೆ. ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಗಿದ್ದು ರಾತ್ರಿ, ಆದರೂ ಅದನ್ನು 'ಆನ್ ದ ನೈಟ್ ಆಫ್ 10 ಆಗಸ್ಟ್ 2024' ಅಂತಲೇ ಬರೆಯಬೇಕು.

'ನೆಕ್ಸ್ಟ್', 'ಲಾಸ್ಟ್', 'ದಿಸ್', 'ಎವ್ರಿ' ಇದ್ದರೆ ಏನೂ ಬೇಡ. 'ಆನ್ ನೆಕ್ಸ್ಟ್ ಮಂಡೇ' ಅನ್ನಬೇಡಿ, 'ನೆಕ್ಸ್ಟ್ ಮಂಡೇ' ಸಾಕು. ಇನ್ನು ಹಬ್ಬ: ಉಗಾದಿಯ ದಿನವೇ ಅಂದರೆ 'ಆನ್ ಉಗಾದಿ', ಆಸುಪಾಸಿನ ದಿನಗಳೂ ಸೇರಿದರೆ 'ಅಟ್ ಉಗಾದಿ'. ಕೊಪ್ಪಳದ ಗವಿಮಠದ ಜಾತ್ರೆಯಂತೆ ಹಲವು ದಿನ ನಡೆಯುವುದಕ್ಕೆ 'ಡ್ಯೂರಿಂಗ್ ದ ಜಾತ್ರಾ' ಚೆನ್ನಾಗಿ ಹೊಂದುತ್ತದೆ.

## ನಾವು ಜಾಸ್ತಿ ಎಡವುವ ಕಡೆ

'ಐದು ವರ್ಷದಿಂದ ಇಲ್ಲೇ ಕೆಲಸ ಮಾಡ್ತಿದೀನಿ' ಅನ್ನೋಕೆ 'ಫ್ರಮ್ ಫೈವ್ ಇಯರ್ಸ್' ಅಂದ್ರೆ ತಪ್ಪಾ?

ತಪ್ಪು. ಇಂಟರ್‌ವ್ಯೂನಲ್ಲಿ ಮೊದಲ ನಿಮಿಷದಲ್ಲೇ ಕೇಳಿಬರುವ ತಪ್ಪು ಇದು. 'ವರ್ಷದಿಂದ' ಅನ್ನುವಾಗ ಕಿವಿಗೆ 'ಇಂದ' ಬೀಳುತ್ತದೆ, ಬಾಯಿ ತಾನಾಗಿ 'ಫ್ರಮ್' ಅನ್ನುತ್ತದೆ.

ಎಷ್ಟು ಕಾಲ ಅಂತ ಅಳತೆ ಹೇಳಿದರೆ 'ಫಾರ್': 'ಫಾರ್ ಫೈವ್ ಇಯರ್ಸ್'. ಯಾವಾಗ ಶುರುವಾಯಿತು ಅಂತ ಹೇಳಿದರೆ 'ಸಿನ್ಸ್': 'ಕೊಪ್ಪಳ ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್ ಸಿನ್ಸ್ 1997'. 'ಸಿನ್ಸ್ ಫೈವ್ ಇಯರ್ಸ್' ಅನ್ನೋದೂ ಸರಿಯಲ್ಲ, ಯಾಕಂದರೆ ಐದು ವರ್ಷ ಅನ್ನೋದು ಅಳತೆ. 'ಫ್ರಮ್' ಬೇಕಾಗೋದು ಶುರು ಮತ್ತು ಕೊನೆ ಎರಡನ್ನೂ ಹೇಳುವಾಗ: ತುಂಗಭದ್ರಾ ಡ್ಯಾಮ್ ಕಟ್ಟಿದ್ದು 'ಫ್ರಮ್ 1945 ಟು 1953'. ಮುಂದೆ ಶುರುವಾಗುವುದಕ್ಕೂ 'ಫ್ರಮ್' ನಡೆಯುತ್ತದೆ: 'ಫ್ರಮ್ ಮಂಡೇ'.

ಇದರ ಜೊತೆ ಕ್ರಿಯಾಪದವೂ ಬದಲಾಗಬೇಕು. 'ಐ ಆಮ್ ವರ್ಕಿಂಗ್ ಫಾರ್ ಫೈವ್ ಇಯರ್ಸ್' ಅಂದರೆ ಅರ್ಧ ಸರಿಯಾದಂತೆ. 'ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್' ಅಂತ ಇಡೀ ವಾಕ್ಯವನ್ನೇ ಬಾಯಿಗೆ ರೂಢಿ ಮಾಡಿಕೊಳ್ಳಿ.

ಚಾಕುವಿನಿಂದ, ಕಟ್ಟಿಗೆಯಿಂದ, ಅವನಿಂದ... ಇವೆಲ್ಲಕ್ಕೂ ಬೇರೆ ಬೇರೆನಾ?

ಹೌದು. ಮಾಡಿದವರು ಯಾರು ಅಂದರೆ 'ಬೈ': 'ಬೈ ಹಿಮ್'. ಯಾವ ಸಾಧನ ಹಿಡಿದು ಅಂದರೆ 'ವಿತ್': 'ವಿತ್ ಎ ನೈಫ್'. ಯಾವ ವಸ್ತುವಿನಿಂದ ಅಂದರೆ 'ಆಫ್' ಅಥವಾ 'ಫ್ರಮ್'. ಕಿನ್ನಾಳದ ಗೊಂಬೆ 'ಮೇಡ್ ಆಫ್ ವುಡ್', ಯಾಕಂದರೆ ಅದು ಗೊಂಬೆಯಾದ ಮೇಲೂ ಕಟ್ಟಿಗೆಯೇ. ಮಂಡಕ್ಕಿ 'ಮೇಡ್ ಫ್ರಮ್ ರೈಸ್', ಯಾಕಂದರೆ ಅಕ್ಕಿಯ ರೂಪವೇ ಬದಲಾಗಿದೆ.

ಸಾಹೇಬ್ರು 'ಸೋಮವಾರದೊಳಗ ರಿಪೋರ್ಟ್ ಕಳಿಸ್ರಿ' ಅಂದ್ರು. 'ವಿದಿನ್ ಮಂಡೇ' ಅಂತ ಮೇಲ್ ಹಾಕಿದ್ರ ನಡೀತದೇನು?

ಸಾಹೇಬರಿಗೆ ಅರ್ಥವಾಗುತ್ತದೆ, ಆದರೆ ಅದು ಇಂಗ್ಲಿಷ್ ಅಲ್ಲ. ಗಡುವಿಗೆ 'ಬೈ': 'ಬೈ ಮಂಡೇ'. 'ವಿದಿನ್' ಬರೋದು ಅಳತೆಯ ಜೊತೆ: 'ವಿದಿನ್ ತ್ರೀ ಡೇಸ್'. ಸೋಮವಾರದವರೆಗೂ ಕೆಲಸ ನಡೆಯುತ್ತಲೇ ಇರುತ್ತದೆ ಅಂದರೆ 'ಟಿಲ್ ಮಂಡೇ'. 'ಐ ವಿಲ್ ಸೆಂಡ್ ಇಟ್ ಟಿಲ್ ಮಂಡೇ' ಅಂದರೆ ಸೋಮವಾರದ ತನಕ ಕಳಿಸುತ್ತಲೇ ಇರುತ್ತೀನಿ ಅಂತಾಗುತ್ತದೆ, ನೋಡಿ.

'ಎರಡು ದಿನ ಬಿಟ್ಟು ಬರ್ತೀನಿ' ಅನ್ನೋದನ್ನು ಇವತ್ತಿನಿಂದ ಎಣಿಸಿ ಹೇಳುವಾಗ 'ಇನ್ ಟೂ ಡೇಸ್' ಅನ್ನಬೇಕು.

'ಡಿಸ್ಕಸ್ ಅಬೌಟ್' ತಪ್ಪು ಅಂತೀರಿ. ಎಲ್ಲಾರೂ ಹಂಗೇ ಮಾತಾಡ್ತಾರಲ್ಲ ಸರ್?

ಮಾತಾಡುತ್ತಾರೆ, ನಿಜ. ನಮ್ಮ ದೇಶದ ಇಂಗ್ಲಿಷಿನಲ್ಲಿ ಅದು ಎಷ್ಟು ಬೇರೂರಿದೆ ಅಂದರೆ ಮೀಟಿಂಗಿನಲ್ಲಿ ಯಾರೂ ತಲೆ ಎತ್ತುವುದಿಲ್ಲ. ಗೆಳೆಯರ ನಡುವೆ ಅದನ್ನು ತಿದ್ದೋಕೆ ಹೋಗಬೇಡಿ, ಸುಮ್ನೆ ಜಗಳ. ಪರೀಕ್ಷೆ, ಅರ್ಜಿ, ಇಂಟರ್‌ವ್ಯೂ ಅಂತ ಬಂದಾಗ ಮಾತ್ರ ಬಿಡಬೇಕು.

ಇದು ಬರುವ ದಾರಿ ಗೊತ್ತಾದರೆ ಬಿಡೋದು ಸುಲಭ. 'ಅದರ ಬಗ್ಗೆ ಚರ್ಚಿಸಿದೆವು' ಅನ್ನುವಾಗ ನಮಗೆ 'ಬಗ್ಗೆ' ಬೇಕೇ ಬೇಕು. 'ಡಿಸ್ಕಸ್' ಅನ್ನುವ ಕ್ರಿಯಾಪದದ ಹೊಟ್ಟೆಯಲ್ಲೇ ಆ 'ಬಗ್ಗೆ' ಇದೆ. 'ವಿ ಡಿಸ್ಕಸ್ಡ್ ದ ಪ್ರಾಬ್ಲಮ್', ಮುಗಿಯಿತು. 'ಬಳ್ಳಾರಿಗೆ ತಲುಪಿದೆ' ಅನ್ನುವಲ್ಲಿ 'ಗೆ' ಇದೆ, ಆದರೆ 'ಐ ರೀಚ್ಡ್ ಬಳ್ಳಾರಿ'. ರೂಮಿಗೆ ಹೊಕ್ಕರೆ 'ಎಂಟರ್ಡ್ ದ ರೂಮ್'. ಅಪ್ಪನನ್ನು ಹೋಲಿದರೆ 'ರಿಸೆಂಬಲ್ಸ್ ಹಿಸ್ ಫಾದರ್'. ಅವನ ಜೊತೆ ಮದುವೆಯಾದರೆ 'ಮ್ಯಾರೀಡ್ ಹಿಮ್', ಇಲ್ಲಿ 'ವಿತ್' ಬೇಡ. ಹೋಟೆಲಿನಲ್ಲಿ 'ಐ ಆರ್ಡರ್ಡ್ ಫಾರ್ ಒಗ್ಗರಣೆ ಮಿರ್ಚಿ' ಅನ್ನಬೇಡಿ, 'ಫಾರ್' ಬಿಟ್ಟರೂ ತಟ್ಟೆ ಬರುತ್ತದೆ.

ಈಗ ಒಂದು ತಿರುವು ಇದೆ. ಇದೇ ಪದಗಳು ನಾಮಪದವಾಗಿ ಬಂದಾಗ ಪ್ರಿಪೊಸಿಷನ್ ವಾಪಸ್ ಬರುತ್ತದೆ. 'ಎ ಡಿಸ್ಕಷನ್ ಅಬೌಟ್ ದ ಪ್ರಾಬ್ಲಮ್' ಪೂರ್ತಿ ಸರಿ. 'ಆ್ಯನ್ ಆರ್ಡರ್ ಫಾರ್ ಟೆನ್ ಚೇರ್ಸ್', 'ಎ ರಿಕ್ವೆಸ್ಟ್ ಫಾರ್ ಲೀವ್', 'ಆ್ಯನ್ ಅಟ್ಯಾಕ್ ಆನ್ ದ ಫೋರ್ಟ್' ಎಲ್ಲ ಸರಿ. ಬಹುಶಃ ಈ ನಾಮಪದಗಳನ್ನು ಕೇಳಿ ಕೇಳಿಯೇ ಕ್ರಿಯಾಪದಕ್ಕೂ ಅಭ್ಯಾಸ ಅಂಟಿಕೊಂಡಿದೆ. 'ಮ್ಯಾರೀಡ್' ಸ್ಥಿತಿಯಾಗಿ ಬಂದಾಗ 'ಟು' ಬೇಕು: 'ಶಿ ಈಸ್ ಮ್ಯಾರೀಡ್ ಟು ಎ ಟೀಚರ್'. 'ಎಂಟರ್ ಇನ್‌ಟು' ಅನ್ನೋದೂ ಒಪ್ಪಂದದ ಮಾತಲ್ಲಿ ಸರಿ: 'ಎಂಟರ್ ಇನ್‌ಟು ಆ್ಯನ್ ಅಗ್ರಿಮೆಂಟ್'.

ಹಂಗಾದ್ರೆ ಹಾಕಲೇಬೇಕಾದ ಕಡೆ ನಾವು ಬಿಡೋದೂ ಐತೇನು?

ಇದೆ. ಇದನ್ನು ಕೇಳುವವರು ಕಡಿಮೆ. 'ಹಾಡು ಕೇಳು' ಅಂದರೆ 'ಲಿಸನ್ ಟು ದ ಸಾಂಗ್'. 'ಬಸ್ ಕಾಯಿ' ಅಂದರೆ 'ವೇಟ್ ಫಾರ್ ದ ಬಸ್'. 'ನನಗೆ ವಿವರಿಸಿ' ಅಂದರೆ 'ಎಕ್ಸ್‌ಪ್ಲೇನ್ ಇಟ್ ಟು ಮಿ'. 'ಟೆಲ್ ಮಿ' ಸರಿ ಇದೆ ಅಂತ 'ಎಕ್ಸ್‌ಪ್ಲೇನ್ ಮಿ' ಸರಿಯಾಗುವುದಿಲ್ಲ.

'ಸರ್ಚ್' ನೋಡಿ. 'ಸರ್ಚ್ ದ ಬ್ಯಾಗ್' ಅಂದರೆ ಬ್ಯಾಗ್ ಜಾಲಾಡು. ಬ್ಯಾಗೇ ಕಳೆದಿದ್ದರೆ 'ಸರ್ಚ್ ಫಾರ್ ದ ಬ್ಯಾಗ್'.

ವಾಕ್ಯದ ಕೊನೆಯಲ್ಲಿ ಬಿಟ್ಟುಹೋಗುವುದು ಇನ್ನೂ ಜಾಸ್ತಿ. 'ಕೂರೋಕೆ ಕುರ್ಚಿ ಇಲ್ಲ' ಅಂದರೆ 'ದೇರ್ ಈಸ್ ನೋ ಚೇರ್ ಟು ಸಿಟ್ ಆನ್'. ಇರೋಕೆ ಮನೆ, 'ಎ ಹೌಸ್ ಟು ಲಿವ್ ಇನ್'. ಬರೆಯೋಕೆ ಪೆನ್ನು, 'ಎ ಪೆನ್ ಟು ರೈಟ್ ವಿತ್'. ಕನ್ನಡದಲ್ಲಿ ಇಲ್ಲಿ ಪ್ರತ್ಯಯವೇ ಕಾಣುವುದಿಲ್ಲ, ಅದಕ್ಕೇ ಮರೆಯುತ್ತೇವೆ. ಪರೀಕ್ಷೆ ಮಾಡೋಕೆ ವಾಕ್ಯ ತಿರುಗಿಸಿ: ಕುರ್ಚಿಯ ಮೇಲೆ ಕೂರುತ್ತೇವೆ, 'ಸಿಟ್ ಆನ್ ಎ ಚೇರ್', ಹಾಗಾದರೆ ಆ 'ಆನ್' ಎಲ್ಲೂ ಹೋಗಬಾರದು.

ರಜಾ ಅರ್ಜಿಯಾಗ 'ಸಫರಿಂಗ್ ವಿತ್ ಫೀವರ್' ಅಂತ ಬರಿತಿದ್ವಿ. ಈಗ ಮಗಳಿಗೆ ಏನು ಹೇಳಲಿ?

'ಸಫರಿಂಗ್ ಫ್ರಮ್ ಫೀವರ್' ಅಂತ ಹೇಳಿಕೊಡಿ. ಎರಡು ದಿನದ ರಜೆಗೆ 'ಲೀವ್ ಫಾರ್ ಟೂ ಡೇಸ್'. ರಜೆಯಲ್ಲಿದ್ದೇನೆ ಅನ್ನೋಕೆ 'ಆನ್ ಲೀವ್', 'ಇನ್ ಲೀವ್' ಅಲ್ಲ. ಕ್ಲಾಸಿಗೆ ಗೈರುಹಾಜರಾದರೆ 'ಆಬ್ಸೆಂಟ್ ಫ್ರಮ್ ಕ್ಲಾಸ್'. 'ಐ ರಿಕ್ವೆಸ್ಟ್ ಯು ಟು ಗ್ರಾಂಟ್ ಮಿ ಲೀವ್' ಅಂದರೆ ಸಾಕು.

ಕೃಷ್ಣಾ, ತುಂಗಭದ್ರಾ ನಡುವೆ ರಾಯಚೂರು ಅದ. 'ಬಿಟ್ವೀನ್' ಸರಿ. ಮೂರು ಇದ್ರ 'ಅಮಂಗ್' ಅಲ್ಲೇನ್ರಿ?

ಶಾಲೆಯಲ್ಲಿ ಎರಡಕ್ಕೆ 'ಬಿಟ್ವೀನ್', ಮೂರಕ್ಕೆ 'ಅಮಂಗ್' ಅಂತ ಹೇಳಿಕೊಟ್ಟಿರುತ್ತಾರೆ. ಶುರುವಿಗೆ ಅದು ಸಾಕು, ಆದರೆ ಪೂರ್ತಿ ನಿಜವಲ್ಲ. ಹೆಸರು ಹೇಳಿ ಬೇರೆ ಬೇರೆಯಾಗಿ ಎಣಿಸುವಾಗ ಮೂರಿದ್ದರೂ 'ಬಿಟ್ವೀನ್' ಬರುತ್ತದೆ: 'ಆ್ಯನ್ ಅಗ್ರಿಮೆಂಟ್ ಬಿಟ್ವೀನ್ ಕರ್ನಾಟಕ, ಆಂಧ್ರ ಅಂಡ್ ತೆಲಂಗಾಣ'. ಗುಂಪಿನ ಒಳಗೆ, ಬಿಡಿಯಾಗಿ ನೋಡದೆ ಹೇಳಿದರೆ 'ಅಮಂಗ್': 'ಅಮಂಗ್ ದ ಫಾರ್ಮರ್ಸ್'. 'ಬಿಟ್ವೀನ್' ಆದಮೇಲೆ 'ಅಂಡ್' ಬರಬೇಕು, 'ಟು' ಅಲ್ಲ: 'ಬಿಟ್ವೀನ್ ಟೆನ್ ಅಂಡ್ ಟ್ವೆಲ್ವ್'.

ಅಕ್ರಾಸ್, ಅಲಾಂಗ್, ಥ್ರೂ... ಮೂರೂ ಕಲಸಿಹೋಗ್ತಾವ. ನಮ್ಮೂರಿನ ಉದಾಹರಣೆ ಕೊಟ್ಟು ಹೇಳ್ರಿ.

ತುಂಗಭದ್ರಾ ಎಡದಂಡೆ ಕಾಲುವೆ ತಗೊಳ್ಳಿ. ಅದು ಕೊಪ್ಪಳ, ರಾಯಚೂರು ಜಿಲ್ಲೆಗಳನ್ನು ಹಾದು ಹೋಗುತ್ತದೆ: 'ದ ಕೆನಾಲ್ ರನ್ಸ್ ಥ್ರೂ ಕೊಪ್ಪಳ ಅಂಡ್ ರಾಯಚೂರು'. ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರುವುದು 'ಥ್ರೂ'. ಕಾಲುವೆ ಏರಿ ಮೇಲೆ ಸೈಕಲ್ ಹೊಡೆದುಕೊಂಡು ಗಂಗಾವತಿ ಕಡೆ ಹೊರಟರೆ 'ಅಲಾಂಗ್ ದ ಕೆನಾಲ್'. ಆಚೆ ದಂಡೆಯ ಗದ್ದೆಗೆ ದಾಟಿದರೆ 'ಅಕ್ರಾಸ್ ದ ಕೆನಾಲ್'. ಡ್ಯಾಮ್ ನದಿಗೆ ಅಡ್ಡಲಾಗಿ ಇದೆ, ಹಾಗಾಗಿ ಅದೂ 'ಬಿಲ್ಟ್ ಅಕ್ರಾಸ್ ದ ರಿವರ್'. ಸೇತುವೆಗೆ 'ಅಕ್ರಾಸ್', 'ಓವರ್' ಎರಡೂ ಸರಿ.

ಕಾಲು ಜಾರಿ ಕಾಲುವೆಗೆ ಬಿದ್ದರೆ 'ಫೆಲ್ ಇನ್‌ಟು ದ ಕೆನಾಲ್'. ಹೊರಗಿನಿಂದ ಒಳಗೆ ಚಲನೆ ಇದ್ದರೆ 'ಇನ್‌ಟು', ಒಳಗೇ ಇದ್ದರೆ 'ಇನ್'. ಬಿದ್ದ ಮೇಲೆ ಈಜುವುದು 'ಇನ್ ದ ಕೆನಾಲ್'.

## ಸ್ವಲ್ಪ ಮುಂದೆ ಹೋದವರಿಗೆ

'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು' ಅಂತ ಬರೆದೆ. ಎಚ್‌ಆರ್ ಮೇಡಂ 'ಮೀಟಿಂಗ್' ಅಂತ ತಿದ್ದಿದ್ರು. 'ಟು' ಆದಮೇಲೆ 'ಇಂಗ್' ಬರ್ತದಾ?

ಬರುತ್ತದೆ, ಆ 'ಟು' ಪ್ರಿಪೊಸಿಷನ್ ಆಗಿದ್ದರೆ. ಇಂಗ್ಲಿಷಿನಲ್ಲಿ 'ಟು' ಎರಡು ಥರ ಇದೆ. 'ಐ ವಾಂಟ್ ಟು ಗೋ' ಅನ್ನುವಲ್ಲಿ ಅದು ಕ್ರಿಯಾಪದದ ಗುರುತು. 'ಲುಕ್ ಫಾರ್ವರ್ಡ್ ಟು' ಅನ್ನುವಲ್ಲಿ ಅದು ಪ್ರಿಪೊಸಿಷನ್, ಅದರ ಮುಂದೆ ನಾಮಪದ ಅಥವಾ 'ಇಂಗ್' ರೂಪ ಬೇಕು. ಗುರುತಿಸೋದು ಸುಲಭ: ಅಲ್ಲಿ 'ಇಟ್' ಹಾಕಿ ನೋಡಿ. 'ಐ ಲುಕ್ ಫಾರ್ವರ್ಡ್ ಟು ಇಟ್' ನಡೆಯುತ್ತದೆ. 'ಐ ವಾಂಟ್ ಟು ಇಟ್' ನಡೆಯೋದಿಲ್ಲ.

'ಯೂಸ್ಡ್ ಟು' ಇಲ್ಲೇ ಎರಡು ದಾರಿಯಾಗುತ್ತದೆ. 'ಐ ಯೂಸ್ಡ್ ಟು ವರ್ಕ್ ಇನ್ ಸಂಡೂರು' ಅಂದರೆ ಮೊದಲು ಅಲ್ಲಿ ಕೆಲಸ ಮಾಡುತ್ತಿದ್ದೆ, ಈಗಿಲ್ಲ. 'ಐ ಆಮ್ ಯೂಸ್ಡ್ ಟು ವರ್ಕಿಂಗ್ ಇನ್ ದ ಹೀಟ್' ಅಂದರೆ ಬಿಸಿಲಲ್ಲಿ ಕೆಲಸ ರೂಢಿಯಾಗಿದೆ. ನಮ್ಮ ಕಡೆಯವರಿಗೆ ಎರಡನೆಯದೇ ಜಾಸ್ತಿ ಬೇಕಾಗುತ್ತದೆ.

'ಸೀನಿಯರ್ ದ್ಯಾನ್ ಮಿ' ಯಾಕ ತಪ್ಪು? ಹೋಲಿಕೆಗೆ 'ದ್ಯಾನ್' ಅಲ್ವಾ?

'ಸೀನಿಯರ್', 'ಜೂನಿಯರ್', 'ಸುಪೀರಿಯರ್', 'ಇನ್‌ಫೀರಿಯರ್' ಇವು ಲ್ಯಾಟಿನ್ನಿನಿಂದ ಬಂದ ಹೋಲಿಕೆ ಪದಗಳು. ಇವಕ್ಕೆ 'ಟು'. 'ಪ್ರಿಫರ್'ಗೂ ಹಾಗೇ: 'ಐ ಪ್ರಿಫರ್ ಜೋಳದ ರೊಟ್ಟಿ ಟು ರೈಸ್'. ಇಲ್ಲಿ 'ಮೋರ್' ಸೇರಿಸಬೇಡಿ.

'ಲುಕ್ ಆಫ್ಟರ್', 'ಗಿವ್ ಅಪ್' ಇವೂ ಪ್ರಿಪೊಸಿಷನ್ನೇ ಏನು?

ಕೆಲವು ಹೌದು, ಕೆಲವು ಅಲ್ಲ. 'ಲುಕ್ ಆಫ್ಟರ್ ಹರ್' ಅನ್ನುವಲ್ಲಿ 'ಆಫ್ಟರ್' ಜಾಗ ಬಿಟ್ಟು ಕದಲುವುದಿಲ್ಲ, ಅದು ಪ್ರಿಪೊಸಿಷನ್. 'ಗಿವ್ ಅಪ್ ಸ್ಮೋಕಿಂಗ್' ಅನ್ನೋದನ್ನು 'ಗಿವ್ ಇಟ್ ಅಪ್' ಅಂತ ಒಡೆಯಬಹುದು, ಒಡೆಯಲೇಬೇಕು. ಅಲ್ಲಿ 'ಅಪ್' ಪ್ರಿಪೊಸಿಷನ್ ಅಲ್ಲ, ಅದಕ್ಕೆ ಪಾರ್ಟಿಕಲ್ ಅನ್ನುತ್ತಾರೆ. ಹೆಸರು ಮರೆತರೂ ಪರವಾಗಿಲ್ಲ, 'ಇಟ್' ಎಲ್ಲಿ ಕೂರುತ್ತದೆ ಅನ್ನೋದು ಗೊತ್ತಿದ್ದರೆ ಸಾಕು.

371ಜೆ ಕೆಳಗೆ ಅರ್ಜಿ ಹಾಕ್ತೀವಿ. 'ಬಿಲೋ' ಅಂತ ಬರೀಬೇಕಾ, 'ಅಂಡರ್' ಅಂತಾನಾ?

'ಅಂಡರ್ ಆರ್ಟಿಕಲ್ 371ಜೆ'. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಬಂದ, ಓದು ಮತ್ತು ಸರ್ಕಾರಿ ಕೆಲಸದಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಈ ವಿಧಿ ನಮ್ಮ ಮೂರೂ ಜಿಲ್ಲೆಗಳಿಗೆ ಅನ್ವಯಿಸುತ್ತದೆ, ಹಾಗಾಗಿ ಈ ಮೂರು ಪದ ನಮ್ಮವರು ಬರೆಯುವಷ್ಟು ಬೇರೆ ಯಾರೂ ಬರೆಯಲಿಕ್ಕಿಲ್ಲ. ಕಾನೂನು, ನಿಯಮ, ಯೋಜನೆ ಎಲ್ಲಕ್ಕೂ 'ಅಂಡರ್'. 'ಬಿಲೋ' ಮಟ್ಟಕ್ಕೆ, ಅಳತೆಗೆ: 'ಬಿಲೋ ಪಾವರ್ಟಿ ಲೈನ್', 'ಬಿಲೋ ಥರ್ಟಿ ಫೈವ್ ಮಾರ್ಕ್ಸ್'.

ಕಚೇರಿ ಪತ್ರ ಬರೆಯುವವರಿಗೆ ಇನ್ನೊಂದು ಮಾತು. 'ಡಿಸ್ಪೈಟ್ ಆಫ್' ಅಂತ ಇಲ್ಲ. 'ಡಿಸ್ಪೈಟ್' ಒಂದೇ, ಇಲ್ಲಾಂದ್ರೆ 'ಇನ್ ಸ್ಪೈಟ್ ಆಫ್'.

ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಾರದು ಅಂತ ಹಳೇ ಮೇಷ್ಟ್ರು ಹೇಳ್ತಿದ್ರು. ನಿಜಾನಾ?

ಮೇಷ್ಟ್ರು ಕೇಳಿದ್ದನ್ನೇ ಹೇಳಿದ್ದಾರೆ, ಆದರೆ ಅದು ನಿಯಮ ಅಲ್ಲ. 1672ರಲ್ಲಿ ಕವಿ ಜಾನ್ ಡ್ರೈಡನ್, ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ ಹೀಗೆ ಬರೆದದ್ದನ್ನು ದೋಷ ಅಂತ ಎತ್ತಿ ತೋರಿಸಿದ. ಲ್ಯಾಟಿನ್ನಿನಲ್ಲಿ ಪ್ರಿಪೊಸಿಷನ್ ಕೊನೆಯಲ್ಲಿ ನಿಲ್ಲುವುದಿಲ್ಲ, ಆ ಕಾಲದವರಿಗೆ ಲ್ಯಾಟಿನ್ನೇ ಮಾದರಿ. ಆಮೇಲೆ ವ್ಯಾಕರಣ ಬರೆದವರು ಅದನ್ನು ಇನ್ನಷ್ಟು ಬಿಗಿ ಮಾಡಿದರು. ಇಂಗ್ಲಿಷ್ ಜನ ಮಾತ್ರ ಮೊದಲಿನಂತೆಯೇ ಮಾತಾಡುತ್ತಾ ಹೋದರು. 'ವೇರ್ ಆರ್ ಯು ಫ್ರಮ್?' ಅಂತ ಯಾರಾದರೂ ಕೇಳಿದರೆ ಧೈರ್ಯವಾಗಿ 'ಐ ಆಮ್ ಫ್ರಮ್ ಲಿಂಗಸುಗೂರು' ಅನ್ನಿ. ತುಂಬಾ ಗಂಭೀರವಾದ ಬರಹದಲ್ಲಿ 'ಟು ಹೂಮ್', 'ಇನ್ ವಿಚ್' ಅಂತ ಮುಂದಕ್ಕೆ ತರಬಹುದು. ಚಹಾದ ಅಂಗಡಿಯಲ್ಲಿ ಹಾಗೆ ಮಾತಾಡಿದರೆ ಜನ ತಿರುಗಿ ನೋಡುತ್ತಾರೆ.

'ಡಿಫರೆಂಟ್ ಫ್ರಮ್' ಕಲಿತೆ. ಯೂಟ್ಯೂಬಿನಾಗ 'ಡಿಫರೆಂಟ್ ದ್ಯಾನ್' ಅಂತಾರ. ಯಾರನ್ನ ನಂಬೋದು?

ಇಬ್ಬರನ್ನೂ. 'ಡಿಫರೆಂಟ್ ಫ್ರಮ್' ಎಲ್ಲ ಕಡೆ ಒಪ್ಪುತ್ತದೆ, ಪರೀಕ್ಷೆಗೆ ಇದೇ ಹಾಕಿ. 'ಡಿಫರೆಂಟ್ ಟು' ಬ್ರಿಟನ್ನಿನ ಮಾತು, 'ಡಿಫರೆಂಟ್ ದ್ಯಾನ್' ಹೆಚ್ಚಾಗಿ ಅಮೆರಿಕದ್ದು. ಹೀಗೇ ಬ್ರಿಟಿಷರು 'ಅಟ್ ದ ವೀಕೆಂಡ್' ಅಂದರೆ ಅಮೆರಿಕದವರು 'ಆನ್ ದ ವೀಕೆಂಡ್' ಅನ್ನುತ್ತಾರೆ. ರೋಗಿಯಾಗಿ ದಾಖಲಾದವರು ಬ್ರಿಟನ್ನಿನಲ್ಲಿ 'ಇನ್ ಹಾಸ್ಪಿಟಲ್', ಅಮೆರಿಕದಲ್ಲಿ 'ಇನ್ ದ ಹಾಸ್ಪಿಟಲ್'. ನಮ್ಮ ಪಠ್ಯಪುಸ್ತಕಗಳು ಹೆಚ್ಚಾಗಿ ಬ್ರಿಟಿಷ್ ದಾರಿ ಹಿಡಿದಿವೆ. ಕಾಲ್ ಸೆಂಟರ್ ಕೆಲಸಕ್ಕೆ ಹೋಗುವವರು ಎದುರಿಗೆ ಯಾವ ದೇಶದ ಗ್ರಾಹಕರು ಇರುತ್ತಾರೋ ಆ ರೂಪಕ್ಕೆ ಕಿವಿ ಹೊಂದಿಸಿಕೊಳ್ಳಿ. ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸಬೇಡಿ.